ಮೂರು ಡಿಗ್ರಿ

ಭಾವನ ಎಡಗೈಯ ಉಗುರು ಕತ್ತರಿಸುತ್ತಿದ್ದಾಗ ರಿಪೇರಿಯವನ ಬಾಯಿಂದ ಆ ಮಾತು ಹೊರಗೆ ಬಿತ್ತು. ಹನ್ನೊಂದು ವರ್ಷ ಹಲ್ಲು ಕಚ್ಚಿ ಹಿಡಿದಿಟ್ಟಿದ್ದ ಮಾತು. ಹೆಬ್ಬೆರಳು ಮುಗಿಸಿ ತೋರುಬೆರಳಿಗೆ ಬರುವಷ್ಟರಲ್ಲಿ ಆಡಿ ಮುಗಿದಿತ್ತು.

“ಭಾವ, ಅವತ್ತು ಪುಟ್ಟಿ ಬೇಕಂತ ಸೋತಿದ್ದಲ್ಲ. ಅವಳ ಸ್ಟಿಕ್ಕನ್ನ ನಾನು ಬಗ್ಗಿಸಿ ಇಟ್ಟಿದ್ದೆ. ಅವಳಿಗೂ ಗೊತ್ತಿಲ್ಲ.”

“ಹೂಂ” ಅಂದರು ಭಾವ.

ರಿಪೇರಿಯವನು ನೇಲ್ ಕಟರ್ ಹಿಡಿದುಕೊಂಡೇ ಅವರ ಮುಖ ನೋಡಿದ. ಬಾಯಿಯ ಬಲತುದಿ ಎಂದಿನಂತೆ ಇಳಿಬಿದ್ದಿತ್ತು. ಕಣ್ಣು ಕಿಟಕಿಯಾಚೆ ಒಣಹಾಕಿದ್ದ ಟವೆಲಿನ ಮೇಲಿತ್ತು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಒಟ್ಟಿಗೇ ಕೊಂಡೊಯ್ದ ಮೇಲೆ ಅವರಲ್ಲಿ ಉಳಿದಿದ್ದದ್ದು ಈ ಹೂಂ ಒಂದೇ. ಟೀ ಕುಡೀತೀರಾ ಅಂದರೆ ಹೂಂ. ಈಗ ತಾನೇ ಕುಡಿದಿರಲ್ಲ ಅಂದರೂ ಹೂಂ. ಆದರೆ ಅಂದಿನ ಹೂಂ ರಿಪೇರಿಯವನಿಗೆ ಬೇರೆಯಾಗಿ ಕೇಳಿಸಿತು. ಅದರಲ್ಲಿ ಏನೋ ತೂಕವಿತ್ತು ಅನ್ನಿಸಿತು. ಉಳಿದ ಬೆರಳುಗಳ ಉಗುರನ್ನು ಹಸುಗೂಸಿಗೆ ಕತ್ತರಿಸುವ ಹಾಗೆ ನಾಜೂಕಾಗಿ ಕತ್ತರಿಸಿದ. ಆ ದಿನ ಹೊಟ್ಟೆ ತುಂಬ ಉಂಡ. ಕ್ಷಮೆ ಇಷ್ಟು ಸಲೀಸಾಗಿ ಸಿಗುವಂಥದ್ದೇ ಎಂಬ ಅನುಮಾನ ಹುಟ್ಟಿದ್ದು ಆಮೇಲೆ, ಭಾನುವಾರ ಪುಟ್ಟಿ ಬಂದಾಗ.

ಪುಟ್ಟಿ ಭಾವನ ಮಗಳು. ಅಂದರೆ ರಿಪೇರಿಯವನ ಅಕ್ಕನ ಮಗಳು. ಈಗ ಇಪ್ಪತ್ತೆಂಟು. ಬೇರೆ ಊರಿನಲ್ಲಿ ಸಿಟಿ ಬಸ್ ಓಡಿಸುತ್ತಾಳೆ. ಅವಳ ತಾಯಿ ತೀರಿಕೊಂಡಾಗ ಹನ್ನೆರಡು ತುಂಬಿತ್ತು ಅಷ್ಟೆ. “ಒಂದು ತಿಂಗಳು ಇದ್ದು ಹೋಗ್ತೀನಿ ಭಾವ” ಎಂದು ಸೂಟ್‌ಕೇಸ್ ಹಿಡಿದು ಬಂದ ಮಾವ ಹದಿನಾರು ವರ್ಷವಾದರೂ ಹೋಗಿಲ್ಲ. ಆ ಸೂಟ್‌ಕೇಸ್ ಇನ್ನೂ ಮಂಚದ ಕೆಳಗೇ ಇದೆ.

ಮನೆಯ ಎದುರಿನ ರಸ್ತೆ ದಾಟಿದರೆ ಗಾಲ್ಫ್ ಕಲಿಯುವವರ ಮೈದಾನ. ಒಂದು ಉದ್ದನೆಯ ತಗಡಿನ ಚಾವಣಿ, ಅದರಡಿ ಹದಿನಾಲ್ಕು ಗೂಡು, ಗೂಡಿಗೊಂದು ಹಸಿರು ಚಾಪೆ, ಚೆಂಡಿನ ಬುಟ್ಟಿ. ಕೊನೆಯ ಗೂಡಿನ ಪಕ್ಕದಲ್ಲಿ ರಿಪೇರಿಯವನ ಶೆಡ್ಡು. ಭಾವ ಅಲ್ಲಿನ ಕೋಚ್. ಮುರಿದ ಸ್ಟಿಕ್ಕಿಗೆ ಹೊಸ ದಂಡ ಕೂರಿಸುವುದು, ಸವೆದ ಹಿಡಿಕೆಯ ರಬ್ಬರ್ ಬದಲಿಸುವುದು, ತಲೆಯ ಓರೆಕೋರೆ ತಿದ್ದುವುದು ಬಾಮೈದನ ಕೆಲಸ.

ಹೊಸದಾಗಿ ಕಲಿಯುವವರ ಸಂಕಟ ಒಂದೇ. ಗಿಡ್ಡ ಸ್ಟಿಕ್ಕಿನಲ್ಲಿ ಚೆಂಡು ಹೇಗೋ ಏಳುತ್ತದೆ. ಉದ್ದದ ಐರನ್, ಅಂದರೆ ಚಪ್ಪಟೆ ತಲೆಯ ಸ್ಟಿಕ್, ಅದರಲ್ಲೂ ಮೂರನೇ ನಂಬರಿನದು ಕೈಗೆ ಬಂತೆಂದರೆ ಅದರ ಮುಖ ಗೋಡೆಯ ಹಾಗೆ ನೆಟ್ಟಗೆ ಕಾಣುತ್ತದೆ. ಇದರಿಂದ ಚೆಂಡು ಏಳುವುದುಂಟೇ ಎಂದು ಮನಸ್ಸು ಹೆದರುತ್ತದೆ. ಹೆದರಿದ ಮನಸ್ಸು ಎತ್ತು ಎತ್ತು ಎಂದು ಕೈಗೆ ಹೇಳುತ್ತದೆ. ಮೈ ಹಿಂದಕ್ಕೆ ವಾಲುತ್ತದೆ, ಮಣಿಕಟ್ಟು ಸೌಟಿನ ಹಾಗೆ ಮೊಗೆಯುತ್ತದೆ, ಚೆಂಡು ನೆಲ ಹಿಡಿದು ಬಲಗಡೆಗೆ ಕದ್ದು ಓಡುತ್ತದೆ. ವುಡ್ ಎಂದು ಹೆಸರಿಟ್ಟುಕೊಂಡು ಮೈಯೆಲ್ಲ ಲೋಹವಾಗಿರುವ ಆ ದಪ್ಪತಲೆಯ ಸ್ಟಿಕ್ಕಿನದೂ ಇದೇ ಪಾಡು.

“ಎತ್ಬೇಡ!” ಎನ್ನುತ್ತಿದ್ದರು ಭಾವ, ಬೆನ್ನ ಹಿಂದೆ ನಿಂತು. “ಎತ್ತೋದು ನಿನ್ನ ಕೆಲಸ ಅಲ್ಲಯ್ಯ, ಅದರ ಮುಖದ ಕೆಲಸ. ಚೆಂಡು ಎಡಗಾಲಿನ ಕಡೆಗಿರಲಿ. ಐರನ್ನಾದ್ರೆ ಕೆಳಮುಖ ಹೊಡಿ, ವುಡ್ಡಾದ್ರೆ ಕಸ ಗುಡಿಸೋ ಹಾಗೆ ಗುಡಿಸು. ಮೇಲೆ ಹೋಗೋದನ್ನ ಅದು ನೋಡ್ಕೊಳ್ತದೆ.”

ಹುಡುಗರು ಅವರಿಗೆ ಎತ್ಬೇಡ ಸರ್ ಎಂದೇ ಹೆಸರಿಟ್ಟಿದ್ದರು. ಜಾಲರಿ ಹೊದಿಸಿದ ಟ್ರ್ಯಾಕ್ಟರಿನಲ್ಲಿ ಮೈದಾನ ಸುತ್ತಿ ಚೆಂಡು ಆರಿಸುವವನಂತೂ, “ನಿಮ್ಮ ಶಿಷ್ಯರು ಒಂದಕ್ಕೆ ಮಾತ್ರ ನೇರ ಹೊಡೀತಾರೆ ಸರ್, ನನ್ನ ಗಾಡಿಗೆ!” ಎಂದು ದಿನಕ್ಕೊಮ್ಮೆ ಕೂಗುತ್ತಿದ್ದ.

ಭಾವನಿಗೆ ಒಂದು ನೇಮವಿತ್ತು. ಕಲಿಯುವವರ ಸ್ಟಿಕ್ಕನ್ನು ಅವರು ಎಂದೂ ಮುಟ್ಟುತ್ತಿರಲಿಲ್ಲ. ಹೊಡೆದು ತೋರಿಸುವುದಂತೂ ದೂರದ ಮಾತು. ಸ್ಟಿಕ್ ಅವರದು, ಮಾತು ನನ್ನದು. ನಾನು ಮುಟ್ಟಿದರೆ ಅವರ ನಂಬಿಕೆ ನನ್ನ ಕೈಯ ಮೇಲೆ ಹೋಗುತ್ತದೆ, ತಮ್ಮ ಕೈಯ ಮೇಲೆ ಇರುವುದಿಲ್ಲ ಎನ್ನುತ್ತಿದ್ದರು. ಒಳ್ಳೆಯ ನೇಮವೇ. ಆದರೆ ಬಾಮೈದನ ಕಳ್ಳತನಕ್ಕೆ ಬಾಗಿಲು ತೆರೆದಿಟ್ಟದ್ದೂ ಅದೇ.

ಅಕ್ಕ ಹೋದ ಮೇಲೆ ಭಾವನ ತಾಳ್ಮೆಯೂ ಅವಳ ಹಿಂದೆಯೇ ಹೋಗಿತ್ತು. ಎತ್ಬೇಡ ಎನ್ನುವುದು ಮೊದಲು ಪಾಠವಾಗಿತ್ತು, ಆಮೇಲೆ ಬೈಗುಳವಾಯಿತು. ಕಲಿಯಲು ಬಂದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಬಿಟ್ಟು ಹೋಗಲಾಗದವಳು ಮಗಳು ಒಬ್ಬಳೇ. ಹದಿನಾಲ್ಕರ ಹುಡುಗಿ, ಶಾಲೆ ಬಿಟ್ಟೊಡನೆ ಬಂದು ಮೂರನೇ ನಂಬರಿನ ಐರನ್ ಹಿಡಿದು ನಿಲ್ಲಬೇಕು. ಚೆಂಡು ಏಳುತ್ತಿರಲಿಲ್ಲ. “ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ…” ಎಂದು ಶುರುಮಾಡಿ ಭಾವ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಆ ಅರ್ಧ ಮಾತೇ ಇಡೀ ಮಾತಿಗಿಂತ ಹೆಚ್ಚು ಕೊಯ್ಯುತ್ತಿತ್ತು.

ಒಂದು ಸಂಜೆ ಚೆಂಡು ತೊಳೆಯುವ ಕೋಣೆಯಲ್ಲಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅವಳು ಅಳುತ್ತಿದ್ದುದನ್ನು ರಿಪೇರಿಯವನು ನೋಡಿದ. ಶೆಡ್ಡಿಗೆ ಹೋಗಿ ಅವಳ ಮೂರನೇ ನಂಬರನ್ನು ಬಗ್ಗಿಸುವ ಯಂತ್ರದ ದವಡೆಗೆ ಕಚ್ಚಿಸಿ, ಕುತ್ತಿಗೆಗೆ ಸರಳು ತೊಡಿಸಿ, ಇಷ್ಟಿಷ್ಟೇ ಎಳೆದ. ಇಪ್ಪತ್ತೊಂದು ಡಿಗ್ರಿ ಇರಬೇಕಾದ ಮುಖ ಆಕಾಶದ ಕಡೆಗೆ ಇಪ್ಪತ್ತನಾಲ್ಕಕ್ಕೆ ವಾಲಿತು. ಬಲಕ್ಕೆ ಓಡದಿರಲೆಂದು ತಲೆಯ ಹಿಮ್ಮಡಿಯಲ್ಲಿ, ಅಂದರೆ ದಂಡ ಕೂರುವ ಕಡೆ, ತೀರ ಕೆಳಗೆ, ಒಂದು ಸೀಸದ ಪಟ್ಟಿ ಅಂಟಿಸಿ ಮೇಲೆ ಕಪ್ಪು ಬಳಿದ. ನಂಬರು ಮಾತ್ರ ಮೂರೇ. ಕಣ್ಣಿಗೆ ಏನೂ ಕಾಣದು.

ಮರುದಿನ ಚೆಂಡು ಎದ್ದಿತು. ಎದ್ದು, ಎಲ್ಲಿಗೂ ತಿರುಗದೆ, ತುದಿಯ ಬಲೆಯ ತನಕ ಹೋಯಿತು. ಪುಟ್ಟಿ ಸ್ಟಿಕ್ಕನ್ನು ಹೆಗಲ ಮೇಲೆ ಹಾಗೇ ಹಿಡಿದು ನಿಂತುಬಿಟ್ಟಳು.

“ನೋಡಿದ್ಯಾ?” ಅಂದರು ಭಾವ. ಎರಡು ವರ್ಷದಲ್ಲಿ ಮೊದಲ ಬಾರಿ ಅವರ ಮುಖದಲ್ಲಿ ನಗು ಇತ್ತು. “ನೋಡಿದ್ಯಾ ಮಗಳೇ? ಎತ್ತಲಿಲ್ಲ ನೀನು. ಅದೇ ಎದ್ದಿತು.”

ಆ ನಗುವಿಗೆ ರಿಪೇರಿಯವನು ಸೋತ. ಮುಂದೆ ಯಾರೇ ಹೊಸಬರು ಬರಲಿ, ಹಿಡಿಕೆ ನೋಡುವ ನೆಪದಲ್ಲಿ ಅವರ ಉದ್ದದ ಐರನ್ನು, ವುಡ್ಡು ಒಂದು ದಿನ ಶೆಡ್ಡಿನಲ್ಲಿ ಉಳಿಯುತ್ತಿದ್ದವು. ಐರನ್ನಿಗೆ ಮೂರು ಡಿಗ್ರಿ, ವುಡ್ಡಿಗೆ ಅಡಿಯಲ್ಲಿ ಸೀಸ. ಬಗ್ಗಿಸಿದ್ದಕ್ಕೆ ಗುರುತಾಗಿ ಹಿಡಿಕೆಯ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಬಣ್ಣ. ಆದರೆ ಅವನು ಪೂರ್ತಿ ಮೋಸಗಾರನೇನಲ್ಲ. ಹೆದರಿಕೆ ಬಿಟ್ಟವರು ತಾವಾಗಿಯೇ ಸರಿಯಾಗಿ ಹೊಡೆಯಲು ತೊಡಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ತಿಂಗಳಿಗೆ ಅರ್ಧ ಡಿಗ್ರಿಯಂತೆ ಹಿಂದಕ್ಕೆ ಎಳೆಯುತ್ತಿದ್ದ. ಆರು ತಿಂಗಳಿಗೆ ಸ್ಟಿಕ್ ನೆಟ್ಟಗೆ, ಆಟಗಾರನೂ ನೆಟ್ಟಗೆ. ಬಿಳಿ ಚುಕ್ಕೆ ಒರೆಸಿದರೆ ಲೆಕ್ಕ ಮುಗಿಯಿತು. ಎತ್ಬೇಡ ಸರ್ ಪಾಠಕ್ಕೆ ಬಂದವರ ಉದ್ದದ ಹೊಡೆತ ಆಕಾಶಕ್ಕೇ ಹೋಗುತ್ತದೆ ಎಂದು ಊರೆಲ್ಲ ಮಾತಾಯಿತು.

ಊರವರಿಗೆಲ್ಲ ಕೊಟ್ಟದ್ದನ್ನು ನೆನಪಿಟ್ಟು ವಾಪಸ್ ಪಡೆದವನು, ಸ್ವಂತ ಅಕ್ಕನ ಮಗಳ ವಿಷಯದಲ್ಲಿ ಮಾತ್ರ ಪಡೆಯಲಿಲ್ಲ.

ಒಮ್ಮೆ ಪ್ರಯತ್ನಿಸಿದ. ಅರ್ಧ ಡಿಗ್ರಿ ತೆಗೆದ ದಿನ ಅವಳ ಎರಡು ಚೆಂಡು ತಗ್ಗಿನಲ್ಲೇ ಹೋದವು. ಭಾವನ ಹುಬ್ಬು ಗಂಟಾಯಿತು. ಪುಟ್ಟಿ ಥಟ್ಟನೆ ಅಪ್ಪನ ಮುಖ ನೋಡಿದಳು. ಆ ನೋಟ ತಡೆಯಲಾಗದೆ ಅಂದು ಸಂಜೆಯೇ ಮತ್ತೆ ಬಗ್ಗಿಸಿಟ್ಟ. ಬರುವ ತಿಂಗಳು ನೋಡೋಣ ಅಂದುಕೊಂಡ. ಮೂರು ವರ್ಷದ ತಿಂಗಳುಗಳೆಲ್ಲ ಬರುವ ತಿಂಗಳಾಗಿಯೇ ಕಳೆದವು.

ಹದಿನೇಳಕ್ಕೆ ಅವಳಿಗೆ ದೊಡ್ಡ ಆಯ್ಕೆ ಪಂದ್ಯದ ಕರೆ ಬಂತು. ಅಪ್ಪ ಮಗಳು ರೈಲು ಹತ್ತಿದರು. ಮರುದಿನ ಭಾವನ ಫೋನು.

“ಒಂದು ಗುಟ್ಟು ಹೇಳ್ತೀನಿ ಕೇಳಯ್ಯ. ಯಾರಿಗೂ ಹೇಳದೆ ಅವಳಿಗೆ ಹೊಸ ಸೆಟ್ ತರಿಸಿದ್ದೆ. ಇಲ್ಲಿಗೆ ಬಂದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಕುಣಿದಾಡಿಬಿಟ್ಟಳು!”

ರಿಪೇರಿಯವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಹಳೇ ಸೆಟ್ಟು?”

“ಅದು ಮನೇಲೇ ಇದೆ, ಅಟ್ಟದ ಮೇಲೆ. ಯಾಕೆ?”

“ಹಳೇದಾದ್ರೆ ಕೈಗೆ ಒಗ್ಗಿತ್ತು ಅಲ್ವಾ ಭಾವ…”

“ಅವಳ ಕೈಗೆ ಸ್ಟಿಕ್ ಯಾವುದಾದ್ರೇನಯ್ಯ,” ಭಾವ ನಕ್ಕರು. “ನನ್ನ ಮಗಳು ಅವಳು.”

ಆಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆ ನಗುವನ್ನು ಮುರಿಯಲು ಬಾಯಿ ಬರಲಿಲ್ಲ. ಅವಳ ಕೈ ಇಷ್ಟರಲ್ಲಿ ಪಳಗಿರಬಹುದು, ಹೇಗೋ ಆದೀತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಫೋನ್ ಇಟ್ಟ.

ಎರಡೇ ದಿನಕ್ಕೆ ಇಬ್ಬರೂ ವಾಪಸ್ ಬಂದರು. ಚೆಂಡು ಏಳಲೇ ಇಲ್ಲವಂತೆ. ಏಳಲಿಲ್ಲವೆಂದು ಇವಳು ಎತ್ತಲು ಹೋಗಿ, ಇನ್ನೂ ತಗ್ಗಾಗಿ, ಬೇಲಿಯಾಚೆ, ಕೆರೆಯೊಳಗೆ. ಮೂರು ವರ್ಷ ಆಕಾಶಕ್ಕೆ ಹೊಡೆದವಳು ಒಂದೇ ದಿನದಲ್ಲಿ ಮರೆಯುತ್ತಾಳೆಯೇ? ಭಾವನಿಗೆ ಒಂದೇ ಅರ್ಥ ಹೊಳೆಯಿತು. ಎಲ್ಲರ ಮುಂದೆ ಅಂದುಬಿಟ್ಟಿದ್ದರು: “ಬೇಕಂತ ಸೋತೆ ನೀನು. ನನ್ನ ಮುಖಕ್ಕೆ ಮಸಿ ಬಳೀಬೇಕು ಅಂತಲೇ ಸೋತೆ.”

ಅಂದಿನಿಂದ ಪುಟ್ಟಿ ಸ್ಟಿಕ್ ಮುಟ್ಟಲಿಲ್ಲ. ಅಪ್ಪನನ್ನು ನೀನು ಎನ್ನುತ್ತಿದ್ದವಳು ನೀವು ಎನ್ನತೊಡಗಿದಳು. ಓದು ಮುಗಿಸಿ ಊರು ಬಿಟ್ಟಳು. ವರ್ಷಕ್ಕೊಮ್ಮೆ ಬಂದರೆ ಅಪ್ಪನೊಡನೆ ಹವೆಯ ಬಗ್ಗೆ ಎರಡು ಮಾತು, ಉಳಿದದ್ದೆಲ್ಲ ಮಾವನೊಡನೆ. “ಬಸ್ಸಾದ್ರೂ ನೇರ ಹೋಗ್ತದಂತಾ?” ಎಂದು ಒಮ್ಮೆ ಭಾವ ಬಾಮೈದನನ್ನು ಕೇಳಿದ್ದರು, ಅವಳಿಗೆ ಕೇಳಿಸುವ ಹಾಗೆ. ತಮಾಷೆಗೆ ಅಂದದ್ದೇ ಇರಬಹುದು. ಯಾರೂ ನಗಲಿಲ್ಲ.

ಈಗ ಮೈದಾನದ ಮಾಲೀಕರು ಹೊಸ ಕೋಚನ್ನು ಗೊತ್ತುಮಾಡಿದ್ದರು. ಅಲ್ಲಿದ್ದ ಭಾವನ ಬೀರು ಖಾಲಿ ಮಾಡಬೇಕಿತ್ತು. ಅದಕ್ಕೆಂದೇ ರಜೆ ಹಾಕಿ ಆ ಭಾನುವಾರ ಬಂದ ಪುಟ್ಟಿ ಒಂದು ಗಂಟೆಯಲ್ಲಿ ಎಲ್ಲವನ್ನೂ ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿದಳು: ಸೀಟಿ, ಟೋಪಿ, ಮೂರು ಜೊತೆ ಕೈಗವಸು, ಅಮ್ಮನ ಒಂದು ಚಿಕ್ಕ ಫೋಟೋ. ಆಮೇಲೆ ಶೆಡ್ಡಿನೊಳಗೆ ಬಂದು ಸುತ್ತ ಕಣ್ಣಾಡಿಸಿದಳು.

“ಮಾವ, ಇದು ನನ್ನದಲ್ವಾ?”

ಮೂಲೆಯ ಗೋಣಿಚೀಲದಿಂದ ಅವಳು ಎಳೆದದ್ದು ಹಳೆಯ ಮೂರನೇ ನಂಬರನ್ನು. ಅಟ್ಟದ ಮೇಲೆ ಜಂಗು ಹಿಡಿಯುತ್ತಿದ್ದ ಸೆಟ್ಟನ್ನು ಅವನೇ ಇಲ್ಲಿಗೆ ತಂದಿಟ್ಟು, ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದ.

“ಬಿಡು ಪುಟ್ಟಿ, ಹಳೇ ಕಬ್ಬಿಣ ಅದು.”

“ಒಂದೇ ಒಂದು ಹೊಡೀತೀನಿ ಮಾವ. ಯಾರೂ ಇಲ್ವಲ್ಲ.”

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಚಾಪೆಯ ಮೇಲೆ ನಿಂತಳು. ಎರಡು ಸಲ ಗಾಳಿಯಲ್ಲಿ ಬೀಸಿದಳು. ಮೊದಲ ಚೆಂಡು ಹೇಗೋ ಹೋಯಿತು. ಎರಡನೆಯದು ಎದ್ದಿತು, ನೇರವಾಗಿ, ಎತ್ತರಕ್ಕೆ, ಹನ್ನೊಂದು ವರ್ಷ ನಡುವೆ ಇಲ್ಲವೇ ಇಲ್ಲವೆಂಬಂತೆ.

ಅವಳು ತಿರುಗಿದಾಗ ಮುಖ ಹದಿನಾಲ್ಕರ ಹುಡುಗಿಯದಾಗಿತ್ತು. “ಮಾವ! ನನ್ನ ಕೈ ಹಾಳಾಗಿರ್ಲಿಲ್ಲ ಮಾವ! ಅವತ್ತು ಏನಾಗಿತ್ತು ನಂಗೆ? ಹೆದರಿಬಿಟ್ಟಿದ್ನಾ?”

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ರಿಪೇರಿಯವನು ನಿಂತಿದ್ದ. ಸುಮ್ಮನಿದ್ದರೆ ಈ ಸಂತೋಷ ಅವಳಿಗೆ ಉಳಿಯುತ್ತದೆ. ಅದರ ಜೊತೆಗೆ, ತಾನೇ ಹೆದರಿ ಸೋತೆನೆಂಬ ಸುಳ್ಳೂ ಉಳಿಯುತ್ತದೆ.

“ಇಲ್ಲಿ ಕೊಡು” ಅಂದ.

ಸ್ಟಿಕ್ಕಿನ ತಲೆಯನ್ನು ಯಂತ್ರದ ದವಡೆಗೆ ಕಚ್ಚಿಸಿದ. ಅಳತೆಯ ಮುಳ್ಳು ಅಲುಗಾಡಿ ನಿಂತಿತು. “ಓದು.”

“ಇಪ್ಪತ್ತನಾಲ್ಕು.”

“ಮೂರನೇ ನಂಬರಿಗೆ ಎಷ್ಟಿರಬೇಕು?”

ಅವಳು ಕೋಚಿನ ಮಗಳು. ಉತ್ತರ ಗೊತ್ತಿತ್ತು. ಬೆರಳಿನಿಂದ ತಲೆಯ ಅಡಿ ತಡವಿ, ಕಪ್ಪು ಬಣ್ಣದ ಕೆಳಗಿದ್ದ ಸೀಸದ ಅಂಚನ್ನು ಕಂಡುಹಿಡಿದಳು. ರಿಪೇರಿಯವನು ನಲ್ಲಿಯ ಸಂಜೆಯಿಂದ ಹಿಡಿದು ಫೋನಿನ ತನಕ ಎಲ್ಲ ಹೇಳಿದ.

“ಬೇರೆಯವರದ್ದೆಲ್ಲ ಸರಿ ಮಾಡ್ತಿದ್ದೆ ಅಂದ್ಯಲ್ಲ,” ಕೊನೆಗೆ ಕೇಳಿದಳು. “ನಂದು ಯಾಕೆ ಮಾಡ್ಲಿಲ್ಲ?”

“ನೀನು ಅಳ್ತೀಯ ಅಂತ.”

“ಅತ್ತು ಕಲೀತಿದ್ನಲ್ಲ ಮಾವ.”

ಅವನು ಅಳತೆಯ ಮುಳ್ಳಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದ.

“ಅಪ್ಪಂಗೆ ಗೊತ್ತಾ?”

“ಮೊನ್ನೆ ಹೇಳಿದೆ. ಹೂಂ ಅಂದ್ರು.” ಆ ಮಾತಿನಲ್ಲಿ ಅವನಿಗೇ ಅರಿಯದ ಒಂದು ಸಣ್ಣ ಸಮಾಧಾನ ಇಣುಕಿತು.

ಪುಟ್ಟಿ ಅವನನ್ನು ದಿಟ್ಟಿಸಿ ನೋಡಿದಳು. “ಬೆಳಿಗ್ಗೆ ಫ್ಯಾನ್ ಹಾಕ್ಲಾ ಅಂದೆ, ಹೂಂ ಅಂದ್ರು. ಆರಿಸ್ಲಾ ಅಂದೆ, ಹೂಂ ಅಂದ್ರು. ಬಯ್ಯೋ ಬಾಯಿ ಇದ್ದಾಗ ಹೇಳ್ಲಿಲ್ಲ. ಬಾಯಿ ಹೋಗೋ ತನಕ ಕಾದು ಹೇಳಿದ್ಯಲ್ಲ ಮಾವ!”

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಹೊರಗೆ ಟ್ರ್ಯಾಕ್ಟರ್ ಒಂದು ಸುತ್ತು ಹಾಕಿ ಹೋಯಿತು. ಪುಟ್ಟಿ ಯಂತ್ರದ ಮೇಲಿದ್ದ ಸರಳನ್ನು ಎತ್ತಿ ಅವನ ಕೈಗಿಟ್ಟಳು.

“ನೆಟ್ಟಗೆ ಮಾಡು.”

“ಹಳೇ ಲೋಹ ಪುಟ್ಟಿ. ಮತ್ತೆ ಎಳೆದರೆ ಮುರಿದ್ರೂ ಮುರೀಬಹುದು.”

“ಮುರೀಲಿ.”

ಅವನು ಎಳೆದ. ಲೋಹ ಕಿರುಗುಟ್ಟಿತು, ಮುರಿಯಲಿಲ್ಲ. ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತೊಂದು. ಸೀಸದ ಪಟ್ಟಿಯನ್ನು ಉಗುರಿನಿಂದ ಅವಳೇ ಕಿತ್ತಳು. ಮೂರು ವರ್ಷ ಮುಂದೂಡಿದ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು.

ಮನೆಗೆ ಹೋಗಿ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ರಸ್ತೆ ದಾಟಿಸಿ ಕರೆತಂದಳು. ಕೊನೆಯ ಗೂಡಿನಲ್ಲಿ, ಅವರು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ, ಬೆನ್ನ ಹಿಂದೆ, ಕುರ್ಚಿ ನಿಲ್ಲಿಸಿದಳು. ಒಂದು ಬುಟ್ಟಿ ಚೆಂಡು ಸುರಿದುಕೊಂಡಳು.

ಮೊದಲನೆಯದು ನೆಲ ಹಿಡಿದು ಬಲಕ್ಕೆ ಓಡಿತು. ಎರಡನೆಯದೂ. ಐದನೆಯದು ಟ್ರ್ಯಾಕ್ಟರಿನ ಜಾಲರಿಗೆ ಠಣ್ಣನೆ ಬಡಿಯಿತು. “ಯಾರವ್ವ ಅದು! ಎತ್ಬೇಡ ಸರ್ ಶಿಷ್ಯೇನೇ ಇರಬೇಕು!” ಎಂದು ಟ್ರ್ಯಾಕ್ಟರಿನವನು ಕೂಗಿದ. ಅವಳ ಮೈ ಹಿಂದಕ್ಕೆ ವಾಲುತ್ತಿತ್ತು, ಮಣಿಕಟ್ಟು ಮೊಗೆಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಆ ಪಂದ್ಯದಲ್ಲಿ ಏನಾಗಿತ್ತು ಎಂಬುದು ರಿಪೇರಿಯವನ ಕಣ್ಣ ಮುಂದೆ ಒಂದೊಂದಾಗಿ ನಡೆಯುತ್ತಿತ್ತು. ಭಾವ ನೋಡುತ್ತಿದ್ದರು. ಆಮೇಲೆ ಅವರ ಎಡಗೈ ನಿಧಾನವಾಗಿ ತೊಡೆಯಿಂದ ಮೇಲೆದ್ದು, ಅಂಗೈ ಕೆಳಗಾಗಿ, ಗಾಳಿಯನ್ನು ಒತ್ತಿತು. ಮತ್ತೊಮ್ಮೆ ಒತ್ತಿತು.

“ಕೆಳಗೇನಾ ಅಪ್ಪ?” ಅಂದಳು ಪುಟ್ಟಿ, ತಿರುಗಿ ನೋಡದೆ. “ಗೊತ್ತು. ಕೈ ಕೇಳಲ್ಲ. ನೋಡ್ತಾ ಇರು ನೀನು.”

ನೀನು ಎಂದಳು. ರಿಪೇರಿಯವನು ಅದನ್ನು ಕೇಳಿಸಿಕೊಂಡ. ಮುಂದೆ ಬಂದು ಕುರ್ಚಿಯ ಎದುರು ಮಂಡಿಯೂರಿದ. ಈ ಸಲ ಉಗುರು ಕತ್ತರಿಸುವ ನೆಪವಿರಲಿಲ್ಲ, ಅವಳೂ ಅಲ್ಲೇ ಇದ್ದಳು.

“ಭಾವ, ಇದೇ ನಿಮ್ಮ ಮಗಳ ಹೊಡೆತ. ಆ ಮೂರು ವರ್ಷ ನೀವು ನೋಡಿದ್ದು ನನ್ನ ಕೈಕೆಲಸ. ಅವಳು ಕಲಿಯೋದನ್ನ ನಾನು ಕದ್ದೆ. ನೀವು ಅವಳಿಗೆ ಆಡಿದ ಮಾತಿಗೂ ನಾನೇ ಕಾರಣ. ಕ್ಷಮಿಸ್ತೀರಾ?”

ಮೊನ್ನೆ ಟವೆಲ್ ನೋಡುತ್ತಿದ್ದ ಹಾಗೆ ಭಾವ ಈ ಸಲ ಬೇರೆಲ್ಲೋ ನೋಡಲಿಲ್ಲ. ನೇರ ಅವನನ್ನೇ ನೋಡಿದರು. ಎಡಗಣ್ಣಿನಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಬಾಯಿ ಒಮ್ಮೆ ತೆರೆಯಿತು. ರಿಪೇರಿಯವನು ಕಾದ. ಟೀಗೆ ಹೂಂ ಅನ್ನುವವರು, ಮಾತ್ರೆಗೆ ಹೂಂ ಅನ್ನುವವರು, ಬಾಗಿಲಿಗೆ ಬಂದ ಪೇಪರಿನವನಿಗೂ ಹೂಂ ಅನ್ನುವವರು ತುಟಿ ಮುಚ್ಚಿಕೊಂಡರು. ಎಡಗೈ ಮತ್ತೆ ಎದ್ದಿತು. ಅವನನ್ನು ಮುಟ್ಟಲು ಅಲ್ಲ, ಸ್ವಲ್ಪ ಪಕ್ಕಕ್ಕೆ ಸರಿಸಲು. ಅವನು ಅಡ್ಡ ಕೂತಿದ್ದ. ಮಗಳು ಕಾಣಿಸುತ್ತಿರಲಿಲ್ಲ.

ರಿಪೇರಿಯವನು ಎದ್ದು ಶೆಡ್ಡಿಗೆ ಹೋದ. ಗೋಡೆಯ ಮೊಳೆಗಳಲ್ಲಿ ಹೊಸಬರು ಇಟ್ಟುಹೋಗಿದ್ದ ಸ್ಟಿಕ್ಕುಗಳು ತೂಗುತ್ತಿದ್ದವು, ಹಿಡಿಕೆಯ ತುದಿಯಲ್ಲಿ ಬಿಳಿ ಚುಕ್ಕೆಯಿದ್ದವು ಒಂಬತ್ತು. ಮೊದಲನೆಯದನ್ನು ಇಳಿಸಿ ದವಡೆಗೆ ಕಚ್ಚಿಸಿದ. ಅರ್ಧರ್ಧ ಡಿಗ್ರಿಯ ಲೆಕ್ಕ ಈ ಸಲ ಇಟ್ಟುಕೊಳ್ಳಲಿಲ್ಲ. ನಾಳೆ ಇವರೆಲ್ಲರ ಚೆಂಡೂ ನೆಲ ಹಿಡಿಯುತ್ತದೆ, ಹೊಸ ಕೋಚು ತಲೆ ಚಚ್ಚಿಕೊಳ್ಳುತ್ತಾನೆ. ಅವನಿಗೂ ಕೂತು ಹೇಳಬೇಕು, ಬಾಯಿ ಇರುವಾಗಲೇ. ಹೊರಗಿನಿಂದ ಪೆಟ್ಟಿನ ಸದ್ದು ಕೇಳಿಬರುತ್ತಿತ್ತು. ಮಂದ ಪೆಟ್ಟು, ಮತ್ತೆ ಮಂದ ಪೆಟ್ಟು. ಪ್ರತಿ ಪೆಟ್ಟಿಗೂ ಅವನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಸದ್ದು ನಿಂತಿತು. ಬುಟ್ಟಿ ಖಾಲಿಯಾಗಿರಬೇಕು.

“ಒಂದೂ ಏಳ್ಲಿಲ್ಲ ಅಪ್ಪ. ಇನ್ನೊಂದು ಬುಟ್ಟಿ ತರ್ಲಾ?”

“ಹೂಂ.”

ಒಳಗೆ ರಿಪೇರಿಯವನು ಎರಡನೇ ಸ್ಟಿಕ್ಕನ್ನು ಮೊಳೆಯಿಂದ ಇಳಿಸಿದ.